ದರ್ಬೆಯ ಸಣ್ಣ ಶಾಲೆ

ನಮ್ಮ ತಂಗಿಯನ್ನು ಪುತ್ತೂರಿಗೆ ಕೊಟ್ಟು ನಾಲ್ವತ್ತು ವರ್ಷಗಳ ಮೇಲಾಯಿತು. ಇಷ್ಟು ಕಾಲದಲ್ಲಿ ನಾವು ಅಲ್ಲಿಗೆ ಹೋದುದು ಮದುವೆ ಮುಂಜಿಗಳಿಗೆ ಮಾತ್ರ. ಊಟ ತೀರಿಸಿ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಊರನ್ನು ಕಣ್ತುಂಬ ನೋಡುವ ಅವಕಾಶವೇ ದೊರೆತಿರಲಿಲ್ಲ. ಕಳೆದ ಮಳೆಗಾಲದ ಮೊದಲಿಗೆ, ಶಾಲೆಗಳು ತೆರೆದ ಮರುವಾರದಲ್ಲಿ, ನಾಲ್ಕು ದಿನ ಅಲ್ಲಿ ನಿಲ್ಲುವ ಯೋಗ ಕೂಡಿಬಂತು. ಮಹಾಲಿಂಗೇಶ್ವರನ ದೇವಸ್ಥಾನ, ಪೇಟೆ, ಅಡಕೆಯ ತೋಟಗಳು ಇವುಗಳ ವಿಷಯವನ್ನು ವಾಚಕರು ಇತರರಿಂದ ಕೇಳಿಯೇ ಇರುವರು. ಪ್ರವಾಸಿಗಳಾರೂ ನೋಡಲು ಹೋಗದ ಒಂದು ಸಣ್ಣ ಶಾಲೆಯ ವಿಷಯವನ್ನು ನಾವು ಇಲ್ಲಿ ಅರಿಕೆಮಾಡುವೆವು.

ಮಂಗಳೂರಿನಿಂದ ಪುತ್ತೂರಿಗೆ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು ದಾರಿ. ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿ, ಮಾಣಿಯಲ್ಲಿ ಬೆಂಗಳೂರಿನ ಹೆದ್ದಾರಿಯನ್ನು ಎಡಕ್ಕೆ ಬಿಟ್ಟು ಹೊರಳಿದೆವೆಂದರೆ, ಗುಡ್ಡಗಳ ಸಂದಿನಲ್ಲಿ ತೋಟಗಳೂ ತೋಟಗಳ ಸಂದಿನಲ್ಲಿ ಮನೆಗಳೂ ಕಾಣತೊಡಗುವುವು. ಕಬಕವನ್ನು ಕಳೆದು ಪೇಟೆಯನ್ನು ಹೊಕ್ಕು, ಸುಳ್ಯ ಮಡಿಕೇರಿಗಳ ಕಡೆಗೆ ಮುಂದರಿದರೆ ಪೇಟೆಯ ಆ ತುದಿಯಲ್ಲಿ ಸಿಕ್ಕುವುದೇ ದರ್ಬೆ. ಹೆಸರಿನಲ್ಲಿ ಯಜ್ಞಕ್ಕೊದಗುವ ಹುಲ್ಲಿದ್ದರೂ ಇಂದು ಅಲ್ಲಿ ಕಣ್ಣಿಗೆ ಬೀಳುವುದು ಅಂಗಡಿಗಳ ಸಾಲು, ರಿಕ್ಷಾ ನಿಲ್ದಾಣ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿಗಳ ಗುಂಪು. 1958ರಲ್ಲಿ ಸ್ಥಾಪನೆಗೊಂಡ ಸಂತ ಫಿಲೋಮಿನಾ ಕಾಲೇಜು ಇಲ್ಲಿಯೇ ಇದೆ. ಸುಳ್ಯ, ಕಡಬಗಳ ಮೂಲೆಮೂಲೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುವ ತರುಣ ತರುಣಿಯರಿಂದ ಬೆಳಗಿನ ಹೊತ್ತು ದರ್ಬೆಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ವಿದ್ಯೆಗಾಗಿ ಇಷ್ಟು ಜನ ಹಾತೊರೆಯುವ ಊರಿನಲ್ಲಿ ಒಂದು ಶಾಲೆ ಮಕ್ಕಳಿಲ್ಲದೆ ಬಡವಾಗುತ್ತಿರುವುದೆಂದರೆ ನಾವು ಮೊದಲು ನಂಬಲಿಲ್ಲ.

ನಮ್ಮ ಭಾವನವರ ಮನೆ ದರ್ಬೆಯಿಂದ ಒಳಗೆ ಹೋಗುವ ಒಂದು ಕಿರುದಾರಿಯಲ್ಲಿದೆ. ನಾವು ಹೋದ ಮರುದಿನ ಬೆಳಗ್ಗೆ ಎಂಟು ಗಂಟೆಗೆ ಮುಂಚೆಯೇ ಮನೆಯ ಮುಂದೆ ಹಳದಿ ಬಣ್ಣದ ಬಸ್ಸೊಂದು ಬಂದು ನಿಂತಿತು. ಆರು ವರ್ಷದ ಮೊಮ್ಮಗನನ್ನು ನಮ್ಮ ತಂಗಿ ಅರೆನಿದ್ದೆಯಲ್ಲಿಯೇ ಎತ್ತಿಕೊಂಡು ಹೋಗಿ ಬಸ್ಸಿನಲ್ಲಿ ಕುಳ್ಳಿರಿಸಿದಳು. ಅದೇ ಹೊತ್ತಿಗೆ ಅಕ್ಕಪಕ್ಕದ ಮನೆಗಳಿಂದಲೂ ಮೂರು ನಾಲ್ಕು ಮಕ್ಕಳು ಬೇರೆ ಬೇರೆ ಬಸ್ಸುಗಳನ್ನೇರಿದರು. ದಾರಿ ಒಂದು ಗಳಿಗೆ ನಿಶ್ಶಬ್ದವಾಯಿತು. ಒಂಬತ್ತು ಗಂಟೆ ಕಳೆದ ಮೇಲೆ, ಮಳೆ ತುಸು ಹಿಡಿದಾಗ, ಕೊಡೆ ಹಿಡಿದ ಇನ್ನೊಂದು ಗುಂಪು ನೀರಿನ ಗುಂಡಿಗಳನ್ನು ಒಂದನ್ನೂ ಬಿಡದೆ ತುಳಿಯುತ್ತ ನಡೆದುಬಂತು. ಅವರು ಹೊಕ್ಕುದು ಭಾವನವರ ಮನೆಯಿಂದ ಕೂಗಳತೆಯಲ್ಲಿರುವ ಹೆಂಚಿನ ಕಟ್ಟಡವನ್ನು.

“ಭಾವ, ಅದು ಯಾವ ಶಾಲೆ?” ಎಂದು ಕೇಳಿದೆವು.

“ಸರಕಾರಿ ಶಾಲೆ ಭಾವ. ನಾನು ಒಂದರಿಂದ ಐದರ ತನಕ ಕಲಿತದ್ದು ಅಲ್ಲಿಯೇ” ಎಂದರು. ಅವರ ದನಿಯಲ್ಲಿ ಅಭಿಮಾನವೂ ಇತ್ತು, ಸಂಕೋಚವೂ ಇತ್ತು. ಆ ಸಂಕೋಚ ಏತಕ್ಕೆಂಬುದು ನಮಗೆ ಆಮೇಲೆ ತಿಳಿಯಿತು.

ಆ ದಿನ ಮಧ್ಯಾಹ್ನ ಇಬ್ಬರೂ ಶಾಲೆಗೆ ಹೋದೆವು. ಶಾಲೆಯ ಹೆಸರನ್ನು ನಾವು ಬೇಕೆಂದೇ ಇಲ್ಲಿ ಬರೆದಿಲ್ಲ. ಏಕೆಂದರೆ ಇಂಥ ಶಾಲೆ ವಾಚಕರ ಊರಿನಲ್ಲಿಯೂ ಒಂದಿರಬಹುದು. ಉದ್ದನೆಯ ಜಗಲಿ, ಮೂರು ಕೋಣೆಗಳು, ಹಿಂದೆ ಅಡುಗೆಯ ಮನೆ, ಮುಂದೆ ಸಣ್ಣ ಅಂಗಳ. ಮಕ್ಕಳು ಸಾಲಾಗಿ ಕುಳಿತು ಅನ್ನ ಸಾಂಬಾರು ಉಣ್ಣುತ್ತಿದ್ದರು. ಬಡಿಸುತ್ತಿದ್ದ ಅಡುಗೆಯ ಅಕ್ಕ ಭಾವನವರನ್ನು ಕಂಡೊಡನೆ, “ಹೊರಗೇ ನಿಂತಿರಲ್ಲ, ಒಳಗೆ ಬನ್ನಿ ಅಣ್ಣ” ಎಂದು ಕರೆದಳು. ಮುಖ್ಯೋಪಾಧ್ಯಾಯಿನಿಯವರು ಕೈ ತೊಳೆದುಕೊಂಡು ಬಂದು ಕುರ್ಚಿಗಳನ್ನು ಎಳೆದು ಹಾಕಿದರು. ಭಾವನವರು ಹಳೆಯ ವಿದ್ಯಾರ್ಥಿಯೆಂದು ತಿಳಿಯಲು ಅವರ ಮುಖ ಅರಳಿತು. “ಹಾಗಾದರೆ ನಿಮ್ಮ ಹೆಸರು ನಮ್ಮಲ್ಲಿ ಇರಲೇಬೇಕು” ಎಂದವರೇ ಕಪಾಟಿನಿಂದ ಬಟ್ಟೆಯ ಬೆನ್ನಿನ ಒಂದು ದಪ್ಪ ದಾಖಲಾತಿ ಪುಸ್ತಕವನ್ನು ತೆಗೆದರು.

ವಾಚಕರಲ್ಲಿ ಅನೇಕರು ಇಂಥ ಪುಸ್ತಕವನ್ನು ನೋಡಿರಲಾರರು. ಶಾಲೆಗೆ ಸೇರಿದ ಪ್ರತಿಯೊಂದು ಮಗುವಿಗೂ ಅದರಲ್ಲಿ ಒಂದು ಸಾಲು. ಕ್ರಮಸಂಖ್ಯೆ, ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ತಾರೀಖು, ಊರು, ಜಾತಿಮತ, ಮಾತೃಭಾಷೆ, ಪೋಷಕರ ಉದ್ಯೋಗ, ಸೇರಿದ ದಿನ, ಬಿಟ್ಟ ದಿನ, ಬಿಟ್ಟುದಕ್ಕೆ ಕಾರಣ. ಜನಗಣತಿಯವರು ಹತ್ತು ವರ್ಷಕ್ಕೊಮ್ಮೆ ಬರುವರು. ಈ ಪುಸ್ತಕವಾದರೋ ವರ್ಷವರ್ಷವೂ ನೆರೆಕರೆಯ ಗಣತಿಯನ್ನು ಸದ್ದಿಲ್ಲದೆ ಮಾಡುತ್ತ ಬಂದಿದೆ.

1960ರ ದಶಕದ ಪುಟಗಳಲ್ಲಿ ಭಾವನವರ ಹೆಸರು ಸಿಕ್ಕಿತು. ಕಪ್ಪು ಮಸಿ ಕಂದುಬಣ್ಣಕ್ಕೆ ತಿರುಗಿತ್ತು. ತಂದೆಯ ಉದ್ಯೋಗ: ಕೃಷಿ. ಅವರ ಹೆಸರಿನ ಮೇಲಿನ ಸಾಲು ಅವರ ಗದ್ದೆಯಲ್ಲಿಯೇ ಕೆಲಸಮಾಡುತ್ತಿದ್ದವನ ಮಗನದು. ಕೆಳಗಿನ ಸಾಲು ಪೇಟೆಯ ಒಬ್ಬ ಜವಳಿ ವ್ಯಾಪಾರಿಯ ಮಗನದು. ಅದರ ಕೆಳಗೆ ಒಬ್ಬ ಗುಮಾಸ್ತರ ಮಗಳು, ಆಮೇಲೆ ಬೀಡಿ ಕಟ್ಟುವವಳೊಬ್ಬಳ ಮಗ. ಮಾತೃಭಾಷೆಯ ಅಂಕಣದಲ್ಲಿ ತುಳು, ಕೊಂಕಣಿ, ಮಲಯಾಳ, ಮರಾಠಿ, ಕನ್ನಡ ಎಂದು ಒಂದೇ ಪುಟದಲ್ಲಿ ಐದು ಭಾಷೆಗಳಿದ್ದುವು. ಭಾವನವರು ಕನ್ನಡಕವನ್ನು ಸರಿಪಡಿಸಿಕೊಂಡು ಪುಟವನ್ನು ಬಹಳ ಹೊತ್ತು ನೋಡಿದರು. “ಇವರೆಲ್ಲ ನನಗೆ ಗೊತ್ತು. ಈಗಲೂ ಪೇಟೆಯಲ್ಲಿ ಸಿಕ್ಕಿದರೆ ನಿಂತು ಮಾತಾಡುತ್ತೇವೆ” ಎಂದರು.

ಇಲ್ಲಿ ಒಂದು ಮಾತನ್ನು ನೆನೆಯಬೇಕಾಗಿದೆ. ಹೀಗೆ ಎಲ್ಲರ ಮಕ್ಕಳೂ ಒಂದೇ ಜಗಲಿಯ ಮೇಲೆ ಕುಳಿತುಕೊಂಡುದು ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಸಾಧಿಸಿದ ಕಾರ್ಯವಲ್ಲ. ನಮ್ಮ ಹಿರಿಯರು ಐಗಳ ಮಠದಲ್ಲಿ ಹೊಯಿಗೆಯ ಮೇಲೆ ಬೆರಳಾಡಿಸಿ ಅಕ್ಷರ ಕಲಿತರು. ಆದರೆ ಆ ಹೊಯಿಗೆ ಎಲ್ಲರ ಬೆರಳಿಗೂ ದೊರೆಯುತ್ತಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಹೊಸ ಬಗೆಯ ಶಾಲೆಗಳನ್ನು ತೆರೆದರು. ಇದ್ದ ಶಾಲೆಗಳಲ್ಲಿ ದಲಿತರ ಮಕ್ಕಳಿಗೆ ಸ್ಥಳವಿಲ್ಲವೆಂದು ಕಂಡು ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ಅವರಿಗಾಗಿಯೇ ಶಾಲೆ ತೆರೆಯಬೇಕಾಯಿತು. ಅದಕ್ಕಾಗಿ ತಮ್ಮ ಜಾತಿಯವರಿಂದ ಬಹಿಷ್ಕಾರವನ್ನೂ ಅನುಭವಿಸಿದರು. ಪುತ್ತೂರಿನಲ್ಲಿಯೇ ನೆಲಸಿದ್ದ ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿ, 1936ರಲ್ಲಿ ‘ಬಾಲಪ್ರಪಂಚ’ವನ್ನು ಕನ್ನಡದ ಮಕ್ಕಳ ಕೈಗಿತ್ತರು. ಮದರಾಸು ಸರಕಾರದ ಕಾಲದ ಬೋರ್ಡು ಶಾಲೆಗಳು 1956ರಲ್ಲಿ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಸೇರಿದುವು. ಇಷ್ಟು ಜನರ ಇಷ್ಟು ಕಾಲದ ಶ್ರಮದಿಂದ, ಭಾವನವರ ಹೆಸರಿರುವ ಅಂಥ ಒಂದು ಪುಟ ಸಾಧ್ಯವಾಯಿತು.

ಇನ್ನು ಈಚಿನ ಪುಸ್ತಕ. ಅದರ ಸಾಲುಗಳೂ ವಿವಿಧವಾಗಿಯೇ ಇವೆ, ಬೇರೆ ರೀತಿಯಿಂದ. ತಂದೆಯ ಉದ್ಯೋಗ ಎಂಬಲ್ಲಿ ಗಾರೆಕೆಲಸ, ಕೂಲಿ, ರಿಕ್ಷಾ ಚಾಲಕ, ಹೋಟೆಲು ಕೆಲಸ. ಕೃಷಿಕ, ವ್ಯಾಪಾರಿ, ಗುಮಾಸ್ತ ಎಂಬ ಶಬ್ದಗಳು ಪುಟ ಮಗುಚಿದರೂ ಸಿಕ್ಕಲಿಲ್ಲ. ಊರು ಎಂಬಲ್ಲಿ ಬಾಗಲಕೋಟೆ, ಗದಗ, ಕೊಪ್ಪಳ, ಇನ್ನೂ ಆಚೆಗೆ ಬಿಹಾರ, ಒಡಿಶಾ. ಕಟ್ಟಡದ ಕೆಲಸವೂ ತೋಟದ ಕೆಲಸವೂ ಕಾರ್ಖಾನೆಗಳೂ ಇರುವ ಊರಿಗೆ ಜನ ಬರುವುದು ಸಹಜವಷ್ಟೆ; ಕೆಮ್ಮಿಂಜೆಯ ಕ್ಯಾಂಪ್ಕೋ ಚಾಕಲೇಟು ಕಾರ್ಖಾನೆ 1986ರಲ್ಲಿ ಆರಂಭವಾದುದನ್ನು ವಾಚಕರು ಬಲ್ಲರು.

ಇದರಲ್ಲಿ ಒಂದು ಸೋಜಿಗವೂ ಉಂಟು. ತುಳುನಾಡಿನ ಕನ್ನಡ ಶಾಲೆಗೆ ಮನೆಯಿಂದ ಕನ್ನಡವನ್ನೇ ಮಾತನಾಡುತ್ತ ಬರುವವರು ಈಗ ಘಟ್ಟದ ಮೇಲಿನ ಕೂಲಿಕಾರರ ಮಕ್ಕಳು! ಸ್ಥಳೀಯರ ಮಕ್ಕಳಾದರೋ ತುಳುವಿನಿಂದಲೋ ಬ್ಯಾರಿ ಭಾಷೆಯಿಂದಲೋ ಕನ್ನಡಕ್ಕೆ ಹತ್ತಿ ಬರಬೇಕು. ಗದಗಿನ ಹುಡುಗಿಯೊಬ್ಬಳು ಪಾಠದ ಪದ್ಯವನ್ನು ಗಂಟೆ ಹೊಡೆದಂತೆ ಹೇಳಿದಳು. ಅವಳ ಕನ್ನಡವನ್ನು ಕೇಳಿ ಉಳಿದವರು ಮೊದಮೊದಲು ನಗುತ್ತಿದ್ದರಂತೆ, ಈಗ ಅವಳಿಂದಲೇ ಉಚ್ಚಾರ ಕೇಳಿ ತಿಳಿಯುವರಂತೆ. ಬಿಹಾರದ ಹುಡುಗನೊಬ್ಬನು ಕನ್ನಡಕ್ಕಿಂತ ಮೊದಲು ತುಳುವನ್ನು ಕಲಿತಿದ್ದಾನೆ. “ಆಟದ ಬಯಲಲ್ಲಿ ಕಲಿತದ್ದು. ನಾವು ಕಲಿಸಿದ್ದಲ್ಲ” ಎಂದು ಉಪಾಧ್ಯಾಯಿನಿಯವರು ನಕ್ಕರು.

ಆದರೆ ಈ ಮಕ್ಕಳು ನಿಲ್ಲುವವರಲ್ಲ. ಕಟ್ಟಡ ಮುಗಿದರೆ ತಂದೆ ಬೇರೆ ಊರಿಗೆ ಹೋಗುವನು. ಮಗುವಿನ ಸಾಲಿನಲ್ಲಿ ಬಿಟ್ಟ ದಿನ ಬೀಳುವುದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಜನನದ ಪ್ರಮಾಣಪತ್ರವಿಲ್ಲವೆಂದಾಗಲಿ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ಯಾವ ಶಾಲೆಯೂ ಇಂಥ ಮಗುವನ್ನು ಹಿಂದೆ ಕಳುಹಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಕಾಯಿದೆ ಒಳ್ಳೆಯದೇ. ಆದರೂ ಹೋಗುವ ಮಗುವಿನ ಗೆಳೆತನವನ್ನು ಯಾವ ಪತ್ರದಲ್ಲಿಯೂ ವರ್ಗಾಯಿಸಲು ಬರುವುದಿಲ್ಲ.

“ಒಟ್ಟು ಮಕ್ಕಳೆಷ್ಟು?” ಎಂದು ಕೇಳಲಾಗಿ, ಉಪಾಧ್ಯಾಯಿನಿಯವರು ಸಂಖ್ಯೆಯನ್ನು ಹೇಳುವ ಬದಲು ಕಾಯಿದೆಯ ಲೆಕ್ಕವನ್ನು ಹೇಳಿದರು. ಒಂದರಿಂದ ಐದನೆಯ ತರಗತಿಯ ವರೆಗಿನ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಉಪಾಧ್ಯಾಯರು. 61ರಿಂದ 90ರ ತನಕ ಮೂವರು. 91ರಿಂದ 120ರ ತನಕ ನಾಲ್ವರು. 120ನ್ನು ಮೀರಿದರೆ ಐವರು. “ನಮ್ಮಲ್ಲಿ ಐದು ತರಗತಿ, ಇಬ್ಬರು ಟೀಚರು. ಇಷ್ಟು ಹೇಳಿದರೆ ನಿಮಗೆ ಗೊತ್ತಾಗಬಹುದು” ಎಂದರು.

ನಮಗೆ ಗೊತ್ತಾಯಿತು. ಈ ಲೆಕ್ಕವನ್ನು ಗೃಹಸ್ಥರಾದವರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. 61ನೆಯ ಮಗು ತಾನೊಬ್ಬನೇ ಬರುವುದಿಲ್ಲ. ತನ್ನ ಹಿಂದೆ ಒಬ್ಬ ಉಪಾಧ್ಯಾಯರನ್ನು ಕರೆದುಕೊಂಡು ಬರುತ್ತದೆ. ಹಾಗೆಯೇ ಆ ಮಗು ಬಿಟ್ಟು ಹೋದರೆ ಒಬ್ಬ ಉಪಾಧ್ಯಾಯರು ‘ಹೆಚ್ಚುವರಿ’ ಎನಿಸಿ ಬೇರೆ ಶಾಲೆಗೆ ವರ್ಗವಾಗಬಹುದು. ಉಪಾಧ್ಯಾಯರು ಕಡಮೆಯೆಂದು ತಿಳಿದ ತಂದೆತಾಯಿಗಳು ತಮ್ಮ ಮಕ್ಕಳನ್ನು ಬಿಡಿಸುವರು. ಮಕ್ಕಳು ಕಡಮೆಯಾದರೆಂದು ಸರಕಾರವು ಇನ್ನೊಬ್ಬ ಉಪಾಧ್ಯಾಯರನ್ನು ತೆಗೆಯುವುದು. ಗಾಣದ ಎತ್ತಿನಂತೆ ಈ ಸುತ್ತು ನಿಲ್ಲುವುದೇ ಇಲ್ಲ. ಇದ್ದ ಇಬ್ಬರಲ್ಲಿ ಒಬ್ಬರಿಗೆ ಊಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಕಂಪ್ಯೂಟರಿನಲ್ಲಿ ತುಂಬಿಸಬೇಕಾದ ವಿವರಗಳು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಲಿಯುವ ‘ನಲಿಕಲಿ’ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ಆಮೇಲೆ ರಾಜ್ಯದಲ್ಲೆಲ್ಲ ಹಬ್ಬಿತು. ಆ ಕೋಣೆಯಲ್ಲಿ ನಾವು ಅರ್ಧ ಗಂಟೆ ಕುಳಿತೆವು. ಮಕ್ಕಳು ಚೀಟಿಗಳನ್ನು ಹಿಡಿದು ತಾವೇ ಗುಂಪಾಗಿ ಕಲಿಯುತ್ತಿದ್ದರು. ದೊಡ್ಡವರು ಸಣ್ಣವರಿಗೆ ಹೇಳಿಕೊಡುತ್ತಿದ್ದರು. ಕಲಿಕೆ ಕೀಳೆಂದು ನಾವು ಪ್ರಾಮಾಣಿಕವಾಗಿ ಹೇಳಲಾರೆವು. ಉಪಾಧ್ಯಾಯಿನಿಯವರು ದಣಿದಿದ್ದರೆಂಬುದು ಮಾತ್ರ ನಿಜ.

ಮಕ್ಕಳು ಎಲ್ಲಿಗೆ ಹೋದರು? ಮೊದಲನೆಯದಾಗಿ, ಅನೇಕರು ಹುಟ್ಟಲೇ ಇಲ್ಲ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳೆಂದು ಲೆಕ್ಕ ಬಂದಿದೆ. ಭಾವನವರು ಏಳು ಮಂದಿ ಒಡಹುಟ್ಟಿದವರು. ಅವರ ಮೊಮ್ಮಗನು ಒಬ್ಬನೇ. ಇದು ಯಾರ ತಪ್ಪೂ ಅಲ್ಲ.

ಎರಡನೆಯದು ಇಂಗ್ಲಿಷಿನ ಆಸೆ. ಸರಕಾರಿ ಶಾಲೆಗಳಲ್ಲಿಯೂ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಾರೆ. 2019ರಲ್ಲಿ ಸುಮಾರು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನೇ ತೆರೆದರು. ಇದನ್ನರಿಯದ ಗೃಹಸ್ಥರು ಎಷ್ಟೋ ಮಂದಿ. ಮೂರನೆಯದು, ಕೆಲವು ವರ್ಷ ಸರಕಾರವು ತಾನೇ ಶುಲ್ಕ ತೆತ್ತು ಬಡವರ ಮಕ್ಕಳನ್ನು ಖಾಸಗಿ ಶಾಲೆಗಳಿಗೆ ಕಳುಹಿಸಿತು; ಸರಕಾರಿ ಶಾಲೆ ಸಮೀಪದಲ್ಲಿಯೇ ಇದ್ದರೆ ಅದು ಕೂಡದೆಂಬ ನಿಯಮವು 2019ರಲ್ಲಿ ಜಾರಿಗೆ ಬರುವುದರೊಳಗೆ ರೂಢಿ ಬಲಿತಿತ್ತು.

ನಾಲ್ಕನೆಯ ಕಾರಣವನ್ನು ನಾವು ಮೊದಲು ಯೋಚಿಸಿಯೇ ಇರಲಿಲ್ಲ, ಉಪಾಧ್ಯಾಯಿನಿಯವರೇ ಹೇಳಿದರು. “ಖಾಸಗಿ ಶಾಲೆಯವರು ಮೂರು ವರ್ಷದ ಮಗುವನ್ನು ಎಲ್‌ಕೆಜಿಗೆ ತೆಗೆದುಕೊಳ್ಳುತ್ತಾರೆ. ನಮ್ಮದು ಆರು ವರ್ಷಕ್ಕೆ ಶುರು. ಅವರು ಚಳಿಗಾಲದಲ್ಲಿಯೇ ಹಣ ಕಟ್ಟಿಸಿಕೊಳ್ಳುತ್ತಾರೆ. ನಾವು ಮೇ ಕೊನೆಗೆ ಮನೆಮನೆಗೆ ಹೋದರೆ, ‘ಮೊದಲೇ ಹೇಳಬಾರದಿತ್ತೇ ಟೀಚರೇ’ ಎಂದು ಚಹಾ ಕೊಟ್ಟು ಕಳುಹಿಸುತ್ತಾರೆ.” ಕೆಲವೆಡೆ ಹಳೆಯ ವಿದ್ಯಾರ್ಥಿಗಳೂ ಶಾಲಾಭಿವೃದ್ಧಿ ಸಮಿತಿಯವರೂ ಕೈಯಿಂದ ಹಣ ಹಾಕಿ ಸರಕಾರಿ ಶಾಲೆಯ ಜಗಲಿಯಲ್ಲಿಯೇ ಸಣ್ಣ ಮಕ್ಕಳ ತರಗತಿಗಳನ್ನು ನಡೆಸುತ್ತಿರುವರು. ಅಂಥಲ್ಲಿ ಮಕ್ಕಳ ಸಂಖ್ಯೆ ಏರಿದುದೂ ಉಂಟು.

ಇನ್ನೊಂದು ಸಂಗತಿಯನ್ನು ಅವರು ಬೆರಳಿಟ್ಟು ತೋರಿಸಿದರು. ಈಚಿನ ಪುಟಗಳಲ್ಲಿ ಹುಡುಗಿಯರ ಸಾಲುಗಳೇ ಹೆಚ್ಚು. ಒಂದೇ ಮನೆಯಿಂದ ಅಣ್ಣನು ಹಳದಿ ಬಸ್ಸಿನಲ್ಲಿ ಹೋಗುವನು, ತಂಗಿ ಕೊಡೆ ಹಿಡಿದು ಇಲ್ಲಿಗೆ ನಡೆದುಬರುವಳು. ಇಬ್ಬರಿಗೂ ಶುಲ್ಕ ಕಟ್ಟಲು ಕೈಸಾಗದಾಗ ಯಾರನ್ನು ಬಿಡುವರೆಂಬುದನ್ನು ಈ ಪುಸ್ತಕವೇ ಹೇಳುತ್ತದೆ. ಆ ತಂಗಿಯೂ ಇದನ್ನು ಅರಿಯದೆ ಇರಲಾರಳು. ಹಾಗೆಂದ ಮಾತ್ರಕ್ಕೆ ಅವಳಿಗೆ ದೊರೆತ ಶಾಲೆ ಕೀಳಾಗಬೇಕಾಗಿಲ್ಲ. ಆದರೆ ನೆರೆಯವರೆಲ್ಲ ಬಿಟ್ಟುಹೋದರೆ ಅದನ್ನು ಕೀಳೆನ್ನಿಸಿದವರು ನಾವಾಗುವೆವು.

ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ ಮೊಮ್ಮಗನು ಬಸ್ಸಿನಿಂದ ಇಳಿದುಬಂದನು. ಎದುರಿನ ಬಯಲಿನಲ್ಲಿ ಗದಗಿನ ಹುಡುಗಿಯೂ ಬಿಹಾರದ ಹುಡುಗನೂ ಇನ್ನಿಬ್ಬರೊಡನೆ ಓಡಾಡುತ್ತಿದ್ದರು. ಅವನು ಗೇಟಿನ ಸರಳುಗಳನ್ನು ಹಿಡಿದು ನೋಡುತ್ತ ನಿಂತನು. “ಅಜ್ಜ, ಅವರೆಲ್ಲ ಯಾರು?” ಎಂದು ಕೇಳಿದನು. ಅವರೆಲ್ಲರೂ ನಾಲ್ಕೈದು ಮನೆಗಳ ಆಚೆಗಿರುವ ಮಕ್ಕಳು. ಮಧ್ಯಾಹ್ನ ಹಳೆಯ ಪುಟದ ಒಬ್ಬೊಬ್ಬರ ಹೆಸರನ್ನೂ ಗುರುತಿಸಿದ್ದ ಭಾವನವರು ಈ ಪ್ರಶ್ನೆಗೆ ಉತ್ತರ ಕೊಡಲಾರದೆ ನಮ್ಮ ಕಡೆ ನೋಡಿದರು.

ನಾವೂ ಮಾತನಾಡಲಿಲ್ಲ. ಭಾವನವರಿಗೆ ಬುದ್ಧಿ ಹೇಳುವ ಅಧಿಕಾರ ನಮಗೆಲ್ಲಿಯದು? ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಮನೆಯ ಮಕ್ಕಳನ್ನೂ ನಾವು ಹೀಗೆಯೇ ಬಸ್ಸು ಹತ್ತಿಸಿದೆವು. ಬೀದಿಯ ತುದಿಯ ಶಾಲೆಯೊಳಗೆ ಒಮ್ಮೆಯೂ ಕಾಲಿಡದೆಯೇ ಅದು ಸರಿಯಿಲ್ಲವೆಂದು ತೀರ್ಮಾನಿಸಿದ್ದೆವು. ಕೆಲವು ವರ್ಷಗಳ ಮೇಲೆ ಆ ಶಾಲೆಗೆ ಬೀಗ ಬಿದ್ದಾಗ, “ಅಯ್ಯೋ, ಒಳ್ಳೆಯ ಶಾಲೆಯಾಗಿತ್ತು” ಎಂದು ಮರುಗಿದವರಲ್ಲಿ ನಾವೂ ಇದ್ದೆವು. ಆ ಮರುಕಕ್ಕೆ ಬೆಲೆಯಿರಲಿಲ್ಲವೆಂದು ದರ್ಬೆಯಲ್ಲಿ ನಮಗೆ ಮನವರಿಕೆಯಾಯಿತು.

ಯಾವ ತಂದೆತಾಯಿಯರಿಗೂ ತಮ್ಮ ಮಗುವನ್ನು ಎಲ್ಲಿಗೆ ಕಳುಹಿಸಬೇಕೆಂದು ವಿಧಿಸಲು ನಾವು ಹೊರಟಿಲ್ಲ. ಅವರವರ ಕಷ್ಟ ಅವರವರಿಗೆ ಗೊತ್ತು. ಬಿನ್ನಹ ಇಷ್ಟೇ: ಮುಂದಿನ ಚಳಿಗಾಲದಲ್ಲಿ, ಎಲ್ಲಿಯೂ ಹಣ ಕಟ್ಟುವುದಕ್ಕೆ ಮೊದಲು, ಮನೆಗೆ ಅತ್ಯಂತ ಸಮೀಪದ ಸರಕಾರಿ ಶಾಲೆಗೆ ಒಮ್ಮೆ ನಡೆದುಹೋಗಿರಿ. ಉಪಾಧ್ಯಾಯರು ಎಷ್ಟು ಮಂದಿ, ನೀರು ಮತ್ತು ಶೌಚಗೃಹ ಹೇಗಿವೆ, ಮೂರನೆಯ ತರಗತಿಯ ಮಗು ಪುಸ್ತಕವನ್ನು ತೆರೆದಲ್ಲಿ ಓದಬಲ್ಲುದೇ, ಈ ಮೂರನ್ನು ನೋಡಿರಿ. ಒಂದು ಗಂಟೆ ಸಾಕು. ಆಮೇಲೆ ಬೇಡವೆನಿಸಿದರೆ, ನೋಡಿ ಬೇಡವೆಂದಂತಾಗುವುದು. ಮಕ್ಕಳಿಲ್ಲದ ಮನೆಯವರೂ ಹಿರಿಯರೂ ಹೋಗಬಹುದು. ಹಳೆಯ ಪುಸ್ತಕದಲ್ಲಿ ತಮ್ಮ ಹೆಸರಿದೆಯೇ ಎಂದು ಕೇಳಿ ನೋಡಬಹುದು.

ನಾವು ಹೊರಡುವ ದಿನ ಬೆಳಗ್ಗೆ ಭಾವನವರು ತೋಟದ ಒಂದು ಬಾಳೆಯ ಗೊನೆಯನ್ನು ಶಾಲೆಗೆ ಕಳುಹಿಸುವ ಬದಲು ತಾವೇ ಹೊತ್ತುಕೊಂಡು ಹೋದರು. ಮೊಮ್ಮಗನಿಗೆ ಅಂದು ರಜೆಯಿತ್ತು. ಅವನೂ ಕೊಡೆ ಹಿಡಿದು ಹಿಂದೆಯೇ ನಡೆದನು. ಅವರಿಬ್ಬರೂ ಬೇಗ ಹಿಂದಿರುಗುವರೆಂದು ನಾವು ಬಸ್ಸಿಗೆ ಕಾದೆವು. ಹಿಂದಿರುಗಲಿಲ್ಲ. ಬಸ್ಸು ಶಾಲೆಯ ಮುಂದೆ ಹಾದುಹೋಗುವಾಗ ನೋಡಿದೆವು: ಅಜ್ಜನು ಜಗಲಿಯಲ್ಲಿ ಉಪಾಧ್ಯಾಯಿನಿಯವರೊಡನೆ ಮಾತನಾಡುತ್ತಿದ್ದರು. ಮೊಮ್ಮಗನು ಅಂಗಳದ ಕೆಸರಿನಲ್ಲಿ ಉಳಿದ ಮಕ್ಕಳೊಡನೆ ಓಡುತ್ತಿದ್ದನು, ಯಾರು ಯಾರೆಂದು ಕೇಳುವ ಪುರುಸೊತ್ತು ಅವನಿಗಿರಲಿಲ್ಲ.